ಮೇ ತಿಂಗಳಲ್ಲಿ ಕ್ಯಾಲ್ಕುಲಸ್‌ನಲ್ಲಿ ಡಿ: ಕೈಗೆ ಬಂದ ಕಾಲೇಜು ಸೀಟು ಉಳಿಯುತ್ತದೆಯೇ?

ತುಂಗಾತೀರ, ಮೇ 16

ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾನೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯೂಸಿ) ಕ್ಯಾಂಪಸ್ ಒಂದರಲ್ಲಿ ಮಾರ್ಚ್‌ನಲ್ಲಿ ಸೀಟು ಸಿಕ್ಕಿತು. ಮೇ 1ರ ಗಡುವಿಗೆ ಮುಂಚೆಯೇ ಒಪ್ಪಿಗೆ ಕೊಟ್ಟು ಮುಂಗಡವನ್ನೂ ಕಟ್ಟಿದೆವು. ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿಯಾಗಿದೆ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಮೈಸೂರುಪಾಕನ್ನೂ ಹಂಚಿಯಾಗಿದೆ.

ನಿನ್ನೆ ರಾತ್ರಿ ಬೇರೇನೋ ಹುಡುಕಲು ಶಾಲೆಯ ಪೋರ್ಟಲ್ ತೆರೆದೆ. ಎಪಿ ಕ್ಯಾಲ್ಕುಲಸ್ ಬಿಸಿ, ಅಂದರೆ ಹೈಸ್ಕೂಲಿನಲ್ಲಿಯೇ ಓದುವ ಕಾಲೇಜು ಮಟ್ಟದ ಗಣಿತ. ಅದರ ಎದುರು 61 ಎಂದಿತ್ತು, ಅಂದರೆ ಡಿ, ನಪಾಸಿಗೆ ಒಂದೇ ಮೆಟ್ಟಿಲು ಮೇಲೆ. ಇಂಗ್ಲಿಷ್‌ನಲ್ಲಿ ಸಿ. ಡಿಸೆಂಬರ್‌ನಲ್ಲಿ ಎರಡರಲ್ಲೂ ಎ ಇತ್ತು. ಶಾಲೆ ಮುಗಿಯಲು ಮೂರು ವಾರವೂ ಉಳಿದಿಲ್ಲ. ಏನಿದು ಎಂದು ಕೇಳಿದರೆ "ಅಡ್ಮಿಷನ್ ಆಗಿದೆಯಲ್ಲ ಅಮ್ಮ" ಎಂದಷ್ಟೇ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡ.

ಒಮ್ಮೆ ಕೊಟ್ಟ ಸೀಟನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ? ಅನುಭವ ಇದ್ದವರು ದಯವಿಟ್ಟು ಹೇಳಿ. ಯಜಮಾನರಿಗೆ ಇನ್ನೂ ತಿಳಿಸಿಲ್ಲ.

ಹೇಮಾವತಿ ದಡ, ಮೇ 16

ಗಾಬರಿಯಾಗಬೇಡಿ ಮೇಡಂ. ನಮ್ಮ ಮಗಳಿಗೂ ಕೊನೆಯ ಸೆಮಿಸ್ಟರ್‌ನಲ್ಲಿ ಎರಡು ಎ ಹೋಗಿ ಬಿ ಆಗಿತ್ತು. ಯಾರೂ ಒಂದು ಮಾತು ಕೇಳಲಿಲ್ಲ. ಸಾವಿರಾರು ಮಕ್ಕಳ ಅಂಕಪಟ್ಟಿಯನ್ನು ಕೂತು ನೋಡುವಷ್ಟು ಪುರುಸೊತ್ತು ಅವರಿಗೂ ಇರಲಿಕ್ಕಿಲ್ಲ. ಮೂರು ವಾರದಲ್ಲಿ ಸಾಧ್ಯವಾದಷ್ಟು ಓದಿಸಿ. ನೀವಾಗಿಯೇ ಕಾಲೇಜಿಗೆ ಬರೆದು ಮೈಮೇಲೆ ಇರುವೆ ಬಿಟ್ಟುಕೊಳ್ಳಬೇಡಿ.

ಗಡಿನಾಡು, ಮೇ 16

ಮೊದಲು ಮೊಬೈಲ್ ತೆಗೆದುಕೊಂಡು ಬೀರುವಿನಲ್ಲಿಡಿ. ಕಾರಿನ ಕೀಲಿಯನ್ನೂ ಕೊಡಬೇಡಿ. ಅರ್ಜಿ ಹಾಕಿದ ಮರುದಿನವೇ ಈ ಮಕ್ಕಳು ಪುಸ್ತಕ ಮುಚ್ಚಿಬಿಡುತ್ತಾರೆ. ಇದಕ್ಕೆ ಇಲ್ಲಿ ಸೀನಿಯರೈಟಿಸ್ ಎಂದು ಕಾಯಿಲೆಯ ಹೆಸರು ಬೇರೆ ಇಟ್ಟಿದ್ದಾರೆ. ನಾನು ಮೂರು ಮಕ್ಕಳನ್ನು ಈ ವಯಸ್ಸು ದಾಟಿಸಿದ್ದೇನೆ, ಬಿಗಿ ಹಿಡಿಯದೆ ಆಗುವುದಿಲ್ಲ.

ಕರಿಹಲಗೆ, ಮೇ 17

ತುಂಗಾತೀರ ಅವರೇ, ನಾನು ಸಾಂತಾ ಕ್ಲಾರಾ ಕೌಂಟಿಯ ಸರ್ಕಾರಿ ಹೈಸ್ಕೂಲೊಂದರಲ್ಲಿ ಕೌನ್ಸೆಲರ್ ಆಗಿ 14 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹೌದು, ಸೀಟನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಪ್ರತಿ ವರ್ಷವೂ ಆಗುತ್ತದೆ. ಮಾರ್ಚ್‌ನಲ್ಲಿ ಬಂದ ಅಭಿನಂದನಾ ಪತ್ರವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಪ್ರವೇಶ ತಾತ್ಕಾಲಿಕ ಎಂಬ ಮಾತು ಇರುತ್ತದೆ. ಒಪ್ಪಿಗೆ ಕೊಡುವಾಗ ನಿಮ್ಮ ಮಗ ಷರತ್ತುಗಳ ಪಟ್ಟಿಯೊಂದರ ಕೆಳಗೆ ಗುಂಡಿ ಒತ್ತಿರುತ್ತಾನೆ. ಓದದೆಯೇ ಒತ್ತಿರುತ್ತಾನೆ, ಎಲ್ಲರೂ ಹಾಗೆಯೇ ಮಾಡುವುದು. ಅದನ್ನು ಅವನ ಪೋರ್ಟಲ್‌ನಲ್ಲಿ ತೆರೆದು ಅವನ ಪಕ್ಕದಲ್ಲಿಯೇ ಕೂತು ಓದಿ. ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಮಾತು ಸ್ವಲ್ಪ ಬದಲಾಗುತ್ತದೆ. ಆದರೆ ಸಾರ ಇಷ್ಟೇ: ಅರ್ಜಿಯಲ್ಲಿ ಬರೆದ ವಿಷಯಗಳನ್ನೆಲ್ಲ ಓದಿ ಮುಗಿಸಬೇಕು, ಕೊನೆಯ ವರ್ಷದ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಅವರು ಹೇಳಿದ ಮಟ್ಟದಲ್ಲಿರಬೇಕು, ಅದು ಅನೇಕ ಕಡೆ 3.0, ಮತ್ತು ಯಾವ ವಿಷಯದಲ್ಲಿಯೂ ಡಿ ಅಥವಾ ಎಫ್ ಇರಬಾರದು.

ಪುರುಸೊತ್ತಿಲ್ಲ, ನೋಡುವುದಿಲ್ಲ ಎಂದು ಹೇಮಾವತಿ ದಡ ಅವರು ಬರೆದಿದ್ದಾರೆ. ಅವರ ಮಗಳ ವಿಷಯದಲ್ಲಿ ಆದದ್ದು ನಿಜ. ಎ ಹೋಗಿ ಬಿ ಆದರೆ ಯಾರೂ ಕೇಳುವುದಿಲ್ಲ. ಆದರೆ ಯೂಸಿ ವ್ಯವಸ್ಥೆಯಲ್ಲಿ ಒಂದು ವಿಶೇಷವಿದೆ. ಅರ್ಜಿ ಹಾಕುವಾಗ ಅವರು ಶಾಲೆಯಿಂದ ಅಂಕಪಟ್ಟಿ ತರಿಸಿಕೊಳ್ಳುವುದೇ ಇಲ್ಲ. ಮಕ್ಕಳು ತಾವಾಗಿಯೇ ತುಂಬಿದ ಗ್ರೇಡುಗಳನ್ನು ನಂಬಿ ಸೀಟು ಕೊಡುತ್ತಾರೆ. ಶಾಲೆಯ ಕಾಗದ ಮೊದಲ ಸಲ ಅವರ ಕೈಸೇರುವುದು ಜುಲೈ 1ರ ಗಡುವಿನ ಹೊತ್ತಿಗೆ. ಆಗ ಅರ್ಜಿಯ ಸಾಲಿಗೂ ಅಂಕಪಟ್ಟಿಯ ಸಾಲಿಗೂ ತಾಳೆ ನೋಡುತ್ತಾರೆ. ಡಿ ಕಣ್ಣು ತಪ್ಪಿಹೋಗುತ್ತದೆ ಎಂದು ನಂಬಿ ಕೂರಬೇಡಿ. ಖಾಸಗಿ ಕಾಲೇಜುಗಳ ಕ್ರಮ ಬೇರೆ. ಅವರಿಗೆ ಚಳಿಗಾಲದಲ್ಲಿ ಮಧ್ಯವರ್ಷದ ವರದಿ, ಬೇಸಿಗೆಯಲ್ಲಿ ಅಂತಿಮ ವರದಿ, ಎರಡನ್ನೂ ನಾವೇ ಕಳುಹಿಸುತ್ತೇವೆ. ನವೆಂಬರ್‌ನಲ್ಲಿ ಅರ್ಜಿ ಹಾಕಿ ಡಿಸೆಂಬರ್‌ನಲ್ಲಿಯೇ ಸೀಟು ಪಡೆದ ಮಕ್ಕಳ ವರದಿಗಳೂ ಹೀಗೆಯೇ ಹೋಗುತ್ತವೆ.

ಯೂಸಿಗೆ ಮೂರು ವರ್ಷದ ಗಣಿತ ಸಾಕು, ಇದು ನಾಲ್ಕನೆಯ ವರ್ಷದ್ದು, ಹೋದರೆ ಹೋಗಲಿ ಎಂದು ಸಮಾಧಾನ ಹೇಳುವವರೂ ಸಿಗುತ್ತಾರೆ. ಮೂರು ವರ್ಷ ಕಡ್ಡಾಯ, ನಾಲ್ಕನೆಯದು ಇದ್ದರೆ ಒಳ್ಳೆಯದು ಎಂಬುದು ಅರ್ಜಿ ಹಾಕಲು ಬೇಕಾದ ಅರ್ಹತೆಯ ಮಾತು. ಈಗ ಅವನನ್ನು ಕಟ್ಟಿಹಾಕಿರುವುದು ಅವನೇ ಒಪ್ಪಿದ ಷರತ್ತಿನ ಪಟ್ಟಿ.

ಇನ್ನು ನಿಜವಾಗಿ ಕೇಳಬೇಕಾದ ಪ್ರಶ್ನೆ. ಆಲಸ್ಯ ಬಂದ ಹುಡುಗನ ಗ್ರೇಡು ಎಯಿಂದ ಬಿಗೆ ಇಳಿಯುತ್ತದೆ, ಸಿಗೂ ಇಳಿಯಬಹುದು. ಎ ಇದ್ದವನು ಐದು ತಿಂಗಳಲ್ಲಿ ಡಿಗೆ ಬಂದರೆ ಆಲಸ್ಯ ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಜನವರಿಯಿಂದ ಈಚೆಗೆ ಮನೆಯಲ್ಲಿ ಏನಾದರೂ ಆಯಿತೇ? ನಿದ್ದೆ, ಊಟ ಸರಿಯಿದೆಯೇ? ಅವನು ಆಡಿದ ಆ ಒಂದು ಮಾತಿಗಿಂತ ಹಾಕಿಕೊಂಡ ಬಾಗಿಲಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಮೊಬೈಲ್ ಕಿತ್ತುಕೊಳ್ಳುವ ಮೊದಲು ಇದನ್ನು ತಿಳಿದುಕೊಳ್ಳಿ.

ಅರ್ವೈನ್ ಕನ್ನಡಿಗ, ಮೇ 17

ಕರಿಹಲಗೆ ಮೇಡಂ ಹೇಳಿದ್ದಕ್ಕೆ ಒಂದು ಸಂಗತಿ ಸೇರಿಸುತ್ತೇನೆ. 2017ರ ಜುಲೈನಲ್ಲಿ ನಮ್ಮೂರಿನ ಯೂಸಿ ಅರ್ವೈನ್ ಕ್ಯಾಂಪಸ್ 499 ಮಕ್ಕಳ ಪ್ರವೇಶವನ್ನು ರದ್ದು ಮಾಡಿತ್ತು. ತರಗತಿಗಳು ಶುರುವಾಗಲು ಆಗ ಎರಡೇ ತಿಂಗಳು ಉಳಿದಿತ್ತು. ಅದರಲ್ಲಿ 209 ಮಕ್ಕಳ ಸೀಟು ಹೋದದ್ದು ಕೊನೆಯ ವರ್ಷದ ಗ್ರೇಡುಗಳ ಕಾರಣಕ್ಕೆ. ಉಳಿದ 290 ಮಕ್ಕಳದ್ದು ಅಂಕಪಟ್ಟಿ ಸಮಯಕ್ಕೆ ತಲುಪಲಿಲ್ಲ ಎಂಬಂಥ ಕಾಗದಪತ್ರದ ಕಾರಣಕ್ಕೆ. ಆ ವರ್ಷ ಕ್ಯಾಂಪಸ್ ಅಂದುಕೊಂಡದ್ದಕ್ಕಿಂತ ಸುಮಾರು 850 ಮಕ್ಕಳು ಹೆಚ್ಚಾಗಿ ಒಪ್ಪಿಗೆ ಕೊಟ್ಟಿದ್ದರು. ಜಾಗ ಸಾಲದ್ದರಿಂದ ಷರತ್ತುಗಳನ್ನು ಬಿಗಿಯಾಗಿ ಹಿಡಿದರು ಎಂದು ದೊಡ್ಡ ಗಲಾಟೆಯೇ ಆಯಿತು. ಆಗಸ್ಟ್ ಮೊದಲ ವಾರದಲ್ಲಿ ಚಾನ್ಸಲರ್ ಹೊವರ್ಡ್ ಗಿಲ್ಮನ್ ಕ್ಷಮೆ ಕೇಳಿ, ಮಕ್ಕಳನ್ನು ಸೇರಿಸಿಕೊಳ್ಳುತ್ತೇವೆ ಎಂದರು. ಗ್ರೇಡು ಸ್ಪಷ್ಟವಾಗಿ ಕೆಳಗಿದ್ದವರಿಗೆ ಮಾತ್ರ ಆ ಮಾತು ಅನ್ವಯಿಸಲಿಲ್ಲ.

ನನಗೆ ಇದರಿಂದ ತಿಳಿದದ್ದು ಎರಡು. ಅಂಕಪಟ್ಟಿ ಕಳುಹಿಸಿದ್ದೇವೆ ಎಂದು ಶಾಲೆ ಹೇಳಿದರೆ ಸಾಲದು, ಕಾಲೇಜಿನ ಪೋರ್ಟಲ್‌ನಲ್ಲಿ ತಲುಪಿದೆ ಎಂದು ಕಾಣುವವರೆಗೂ ಹಿಂದೆ ಬಿದ್ದಿರಬೇಕು. ಇನ್ನೊಂದು, ಹೋದ ವರ್ಷ ಪಕ್ಕದ ಮನೆಯ ಹುಡುಗನನ್ನು ಬಿಟ್ಟರು, ನಮ್ಮನ್ನೂ ಬಿಡುತ್ತಾರೆ ಎಂದು ಲೆಕ್ಕ ಹಾಕುವ ಹಾಗಿಲ್ಲ. ಯಾವ ವರ್ಷ ಎಷ್ಟು ಮಕ್ಕಳು ಒಪ್ಪಿಗೆ ಕೊಟ್ಟಿದ್ದಾರೆ ಎಂಬುದು ನಮಗೆ ಕಾಣುವುದಿಲ್ಲ.

ತುಂಗಾತೀರ, ಮೇ 18

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಕರಿಹಲಗೆ ಮೇಡಂ, ನೀವು ಕೇಳಿದ ಪ್ರಶ್ನೆ ನನ್ನನ್ನು ಇಡೀ ದಿನ ಕಾಡಿತು.

ಫೆಬ್ರುವರಿಯಲ್ಲಿ ತೀರ್ಥಹಳ್ಳಿಯಲ್ಲಿ ನನ್ನ ಅಪ್ಪಯ್ಯ ತೀರಿಕೊಂಡರು. ನಾನೂ ಮಗನೂ ಹೋಗಿ ಹದಿಮೂರನೆಯ ದಿನದ ಕಾರ್ಯ ಮುಗಿಸಿಕೊಂಡು ಬಂದೆವು. ಅವನಿಗೆ ಒಟ್ಟು 17 ದಿನ ಶಾಲೆ ತಪ್ಪಿತು. ಚಿಕ್ಕವನಿದ್ದಾಗ ಪ್ರತಿ ಬೇಸಿಗೆಯನ್ನೂ ಅಜ್ಜನ ಜೊತೆ ತೋಟದಲ್ಲಿಯೇ ಕಳೆದವನು. ಬಂದ ಮೇಲೆ ನಾನು ತಮ್ಮಂದಿರ ಜೊತೆ ಆಸ್ತಿಪತ್ರ, ಬ್ಯಾಂಕು ಎಂದು ರಾತ್ರಿಯೆಲ್ಲ ಫೋನಿನಲ್ಲಿರುತ್ತಿದ್ದೆ. ಅವನು ಅಳಲಿಲ್ಲ, ಏನೂ ಕೇಳಲಿಲ್ಲ. ದೊಡ್ಡವನಾಗಿದ್ದಾನೆ, ಸಹಿಸಿಕೊಂಡ ಎಂದುಕೊಂಡೆ.

ಇವತ್ತು ಅವನು ಶಾಲೆಗೆ ಹೋದ ಮೇಲೆ ಅವನ ಮೇಜಿನ ಮುಂದೆ ಕೂತೆ. ಕ್ಯಾಲ್ಕುಲಸ್ ಪುಸ್ತಕ ಅಲ್ಲಿಯೇ ಇತ್ತು. ಅದರೊಳಗೆ ಗುರುತಿಗೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋದ ಬಸ್ಸಿನ ಟಿಕೆಟ್ ಇಟ್ಟಿದ್ದಾನೆ. ಅನಂತ ಶ್ರೇಣಿಯ ಅಧ್ಯಾಯದ ಎರಡನೆಯ ಪುಟ. ಅಲ್ಲಿಯವರೆಗೆ ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲಿನ ಸಣ್ಣ ಲೆಕ್ಕಗಳಿವೆ. ಅದರಾಚೆಗೆ ಹಾಳೆಗಳು ಹೊಸ ಪುಸ್ತಕದ ಹಾಗೆ ಇನ್ನೂ ಒಂದಕ್ಕೊಂದು ಅಂಟಿಕೊಂಡಿವೆ. ವಿಮಾನದಲ್ಲಿ ಓದುತ್ತೇನೆಂದು ತೆಗೆದುಕೊಂಡು ಹೋಗಿದ್ದ. ಮೂರು ತಿಂಗಳಲ್ಲಿ ಆ ಟಿಕೆಟ್ ಒಂದು ಪುಟವೂ ಮುಂದೆ ಹೋಗಿಲ್ಲ.

ಸಂಜೆ ಅವನು ಬಂದಾಗ ಅಂಕದ ಮಾತು ಎತ್ತಲಿಲ್ಲ. ಅಜ್ಜನ ಮಾತು ಎತ್ತಿದೆ. ಇನ್ನು ಬರೆಯಲಾರೆ, ನಾಳೆ ಬರೆಯುತ್ತೇನೆ.

ಕರಿಹಲಗೆ, ಮೇ 18

ಒಳ್ಳೆಯ ಕೆಲಸ ಮಾಡಿದಿರಿ. ನಾಳೆ ಬೆಳಗ್ಗೆಯೇ ಶಾಲೆಯ ಕೌನ್ಸೆಲರ್‌ಗೂ ಗಣಿತದ ಶಿಕ್ಷಕರಿಗೂ ಇಮೇಲ್ ಕಳುಹಿಸಿ ಭೇಟಿಗೆ ಸಮಯ ಕೇಳಿ. ಪೋರ್ಟಲ್‌ನಲ್ಲಿ 61 ಎಂದು ಕಾಣುತ್ತಿದೆಯಲ್ಲ, ಅದರ ಒಳಗೆ ಇಳಿದು ನೋಡಿ. ಆ 17 ದಿನಗಳಲ್ಲಿ ನಡೆದ ಕಿರುಪರೀಕ್ಷೆ, ಮನೆಪಾಠಗಳ ಎದುರು ಸೊನ್ನೆ ಕೂತಿರಬಹುದು. ಮನೆಯಲ್ಲಿ ಸಾವಾಗಿ ಗೈರುಹಾಜರಾದಾಗ ಆ ಪರೀಕ್ಷೆಗಳನ್ನು ಮತ್ತೆ ಬರೆಯಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಆದರೆ ವಿದ್ಯಾರ್ಥಿಯೇ ಹೋಗಿ ಕೇಳಬೇಕು, ಮೌನವಾಗಿರುವ ಮಕ್ಕಳು ಕೇಳುವುದಿಲ್ಲ. ಸಮಯ ಸಾಲದಿದ್ದರೆ ಗ್ರೇಡನ್ನು ಅಪೂರ್ಣ ಎಂದು ಹಿಡಿದಿಟ್ಟು, ಆಮೇಲೆ ತುಂಬಲು ಕೆಲವು ಶಾಲೆಗಳು ಒಪ್ಪುತ್ತವೆ. ಕೇಳಿ ನೋಡಿ.

ಮೇ ಮೊದಲೆರಡು ವಾರಗಳಲ್ಲಿ ಎಪಿ ಪರೀಕ್ಷೆಗಳು ಮುಗಿದಿವೆ. ಅದರ ಅಂಕ ಬೇರೆ, ತರಗತಿಯ ಗ್ರೇಡು ಬೇರೆ. ಎಪಿಯಲ್ಲಿ ಕಡಿಮೆ ಬಂದರೆ ಸಾಮಾನ್ಯವಾಗಿ ಸೀಟಿಗೆ ತೊಂದರೆಯಿಲ್ಲ, ಕಾಲೇಜಿನಲ್ಲಿ ಕ್ರೆಡಿಟ್ ಸಿಗುವುದಿಲ್ಲ ಅಷ್ಟೇ. ಆ ಚಿಂತೆ ಬಿಡಿ.

ಮುಖ್ಯವಾದ ಮಾತು ಇದು. ಅಂತಿಮ ಗ್ರೇಡು ಡಿ ಆಗುವ ಸಂಭವ ಇದ್ದರೆ, ಅಂಕಪಟ್ಟಿ ಹೋಗುವ ಮೊದಲೇ ಅವನು ಕ್ಯಾಂಪಸ್‌ಗೆ ತಿಳಿಸಬೇಕು. ಒಪ್ಪಿದ ಷರತ್ತಿನಲ್ಲಿಯೇ ಬದಲಾವಣೆಗಳನ್ನು ತಿಳಿಸಬೇಕೆಂಬ ಮಾತು ಇರುತ್ತದೆ, ತಿಳಿಸಲು ಪೋರ್ಟಲ್‌ನಲ್ಲಿ ಜಾಗವೂ ಇರುತ್ತದೆ. ಜುಲೈನಲ್ಲಿ ಅವರೇ ಕಂಡುಹಿಡಿದು ಕೇಳಿದಾಗ ಕೊಡುವ ಉತ್ತರಕ್ಕೂ ಮೇ ತಿಂಗಳಲ್ಲಿ ನಾವಾಗಿಯೇ ಹೇಳುವ ಮಾತಿಗೂ ಬಹಳ ವ್ಯತ್ಯಾಸವಿದೆ. ಜುಲೈ ಹೊತ್ತಿಗೆ ಅವರ ಬಳಿ ಉಳಿಯುವ ದಾರಿಗಳೂ ಕಡಿಮೆ.

ಪತ್ರವನ್ನು ಅವನೇ ಬರೆಯಬೇಕು. ಅಪ್ಪ ಅಮ್ಮ ಬರೆದ ಪತ್ರ ಎರಡನೆಯ ಸಾಲಿಗೇ ಗೊತ್ತಾಗುತ್ತದೆ. ಯಾವ ವಿಷಯ, ಈಗಿನ ಗ್ರೇಡು ಎಷ್ಟು, ಏನಾಯಿತು, ಈಗ ಏನು ಮಾಡುತ್ತಿದ್ದಾನೆ. ಎಂಟು ಹತ್ತು ಸಾಲು ಸಾಕು. ಅಜ್ಜನ ಸಾವನ್ನು ಒಂದು ಸಾಲಿನಲ್ಲಿ ಹೇಳಲಿ, ಅಲಂಕಾರ ಬೇಡ. ಶಿಕ್ಷಕರನ್ನು ದೂರುವುದಂತೂ ಬೇಡವೇ ಬೇಡ. ಕೌನ್ಸೆಲರ್ ಜೊತೆಯಲ್ಲಿಯೇ ಎರಡು ಸಾಲು ಬರೆದುಕೊಟ್ಟರೆ ಅದಕ್ಕೆ ತೂಕವಿದೆ.

ಹೇಮಾವತಿ ದಡ, ಮೇ 19

ತುಂಗಾತೀರ ಮೇಡಂ, ನಿಮ್ಮ ತಂದೆಯವರ ವಿಷಯ ಓದಿ ಬೇಸರವಾಯಿತು. ಮೊದಲು ಕೊಟ್ಟ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬಿ ಬಂದ ನನ್ನ ಮಗಳ ಅನುಭವವನ್ನು ಡಿ ಬಂದ ಹುಡುಗನಿಗೆ ಅನ್ವಯಿಸಿದ್ದು ನನ್ನ ತಪ್ಪು. ಯಜಮಾನರಿಗೆ ದಯವಿಟ್ಟು ಇವತ್ತೇ ಹೇಳಿ. ಇಂಥ ವಿಷಯ ಅಪ್ಪಂದಿರಿಗೆ ಕೊನೆಗೆ ತಿಳಿದರೆ ಕೋಪ ಮಗನ ಮೇಲೆ ಹೋಗುತ್ತದೆ. ನಾನೂ ಒಬ್ಬ ಅಪ್ಪನಾಗಿ ಹೇಳುತ್ತಿದ್ದೇನೆ.

ಅಟ್ಲಾಂಟಾ ಅಪ್ಪ, ಮೇ 19

ಬೇರೆ ರಾಜ್ಯದವರೂ ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. ಸೀಟು ಉಳಿದರೂ ಹಣ ಹೋಗಬಹುದು. ನಮ್ಮ ಜಾರ್ಜಿಯಾದಲ್ಲಿ ಹೋಪ್ ವಿದ್ಯಾರ್ಥಿವೇತನಕ್ಕೆ ಮುಖ್ಯ ವಿಷಯಗಳ ಜಿಪಿಎ 3.0 ಇರಬೇಕು, ಅದಕ್ಕಿಂತ ಮೇಲಿನ ದರ್ಜೆಯ ಜೆಲ್ ಮಿಲ್ಲರ್ ವಿದ್ಯಾರ್ಥಿವೇತನಕ್ಕೆ 3.7 ಇರಬೇಕು. ಲೆಕ್ಕ ಹಾಕುವುದು ಹೈಸ್ಕೂಲು ಮುಗಿದ ಮೇಲೆ, ಕೊನೆಯ ಸೆಮಿಸ್ಟರ್ ಸೇರಿಸಿ. ನನ್ನ ಮಗಳು ಗಡಿಯಂಚಿನಲ್ಲಿದ್ದಳು. ವಸಂತದಲ್ಲಿ ಬಂದ ಒಂದೇ ಒಂದು ಸಿಯಿಂದ 3.7ರ ಕೆಳಗೆ ಜಾರಿದಳು. ಕಾಲೇಜು ಏನೂ ಕೇಳಲಿಲ್ಲ, ವಿದ್ಯಾರ್ಥಿವೇತನದ ದರ್ಜೆ ಮಾತ್ರ ಬದಲಾಯಿತು. ಅಪ್ಪ ಅಮ್ಮನ ಕೆಲಸದ ವೀಸಾದ ಆಸರೆಯಲ್ಲಿ ಬಂದ ಎಚ್-4 ವೀಸಾದ ಮಕ್ಕಳಿಗೆ ಈ ಹಣ ಸಿಗುವುದಿಲ್ಲ. ನಾಗರಿಕರ ಮತ್ತು ಹಸಿರು ಕಾರ್ಡು ಇರುವ ಮಕ್ಕಳ ಪೋಷಕರು ಕೊನೆಯ ವರ್ಷದಲ್ಲಿ ಈ ಲೆಕ್ಕ ಇಟ್ಟುಕೊಳ್ಳಿ. ಕಾಲೇಜುಗಳು ತಾವಾಗಿಯೇ ಕೊಡುವ ಮೆರಿಟ್ ಹಣದ ಪತ್ರದಲ್ಲೂ, ಆನರ್ಸ್ ಕಾರ್ಯಕ್ರಮದ ಪತ್ರದಲ್ಲೂ ಇಂಥ ಷರತ್ತುಗಳು ಇರಬಹುದು. ಒಂದೊಂದನ್ನೂ ಬಿಡಿಸಿ ಓದಿ.

ಥೇಮ್ಸ್ ಕನ್ನಡತಿ, ಮೇ 20

ಇಂಗ್ಲೆಂಡಿನಲ್ಲಿ ಇದು ಗುಟ್ಟಿನ ವಿಷಯವೇ ಅಲ್ಲ. ಇಲ್ಲಿ ಸೀಟು ಸಿಗುವುದೇ ಷರತ್ತಿನ ಮೇಲೆ. ಶಿಕ್ಷಕರು ಅಂದಾಜಿಸಿದ ಗ್ರೇಡು ನೋಡಿ ವಿಶ್ವವಿದ್ಯಾಲಯವು ಇಷ್ಟು ಬಂದರೆ ಸೀಟು ಎಂದು ಮೊದಲೇ ಬರೆದುಕೊಡುತ್ತದೆ. ಮಗು ಒಂದನ್ನು ಮೊದಲ ಆಯ್ಕೆಯಾಗಿಯೂ, ಸ್ವಲ್ಪ ಕಡಿಮೆ ಗ್ರೇಡು ಕೇಳುವ ಇನ್ನೊಂದನ್ನು ಆಸರೆಯಾಗಿಯೂ ಹಿಡಿದುಕೊಳ್ಳಬಹುದು. ಆಗಸ್ಟ್‌ನಲ್ಲಿ ಎ-ಲೆವೆಲ್, ಅಂದರೆ ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ಬೆಳಗ್ಗೆ ಎಲ್ಲವೂ ಇತ್ಯರ್ಥ. ಎರಡೂ ತಪ್ಪಿದರೆ ಉಳಿದ ಸೀಟುಗಳನ್ನು ಹಂಚುವ ಕ್ಲಿಯರಿಂಗ್ ಎಂಬ ವ್ಯವಸ್ಥೆ ಇದೆ. 2020ರಲ್ಲಿ ಕೋವಿಡ್‌ನಿಂದ ಪರೀಕ್ಷೆಯೇ ನಡೆಯದೆ, ಗಣಕಸೂತ್ರ ಕೊಟ್ಟ ಗ್ರೇಡುಗಳಲ್ಲಿ ಸುಮಾರು ಶೇಕಡ 40ರಷ್ಟು ಶಿಕ್ಷಕರ ಅಂದಾಜಿಗಿಂತ ಕೆಳಗಿಳಿದಿದ್ದವು. ಆಗಸ್ಟ್ 13ರಂದು ಬಂದ ಆ ಫಲಿತಾಂಶವನ್ನು ನಾಲ್ಕೇ ದಿನದಲ್ಲಿ ಸರ್ಕಾರ ಕೈಬಿಟ್ಟು ಶಿಕ್ಷಕರ ಗ್ರೇಡುಗಳನ್ನೇ ಒಪ್ಪಿತು. ಆ ನಾಲ್ಕು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.

ಮೈಸೂರು ಚಿಕ್ಕಮ್ಮ, ಮೇ 20

ಊರಿನಿಂದ ಅಮೆರಿಕಕ್ಕೆ ಹೊರಟಿರುವ ಮಕ್ಕಳ ಮಾತನ್ನೂ ಸೇರಿಸುತ್ತೇನೆ. ಅಕ್ಕನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಗ ಅಲ್ಲಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಆಗ ತೋರಿಸಿದ್ದು ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ ಮತ್ತು ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು, ಎಲ್ಲವೂ ಶೇಕಡ 93ರ ಆಸುಪಾಸು. ಏಪ್ರಿಲ್‌ನಲ್ಲಿ ಬೋರ್ಡಿನ ಫಲಿತಾಂಶ ಬಂದಾಗ 79. ಭೌತಶಾಸ್ತ್ರದಲ್ಲಿ 61. ಮನೆಯಲ್ಲಿ ಸೂತಕದ ಹಾಗಾಯಿತು. ನಮ್ಮಲ್ಲಿ ಈಗ ಪರೀಕ್ಷೆ-2 ಬರೆಯುವ ಅವಕಾಶವಿದೆಯಲ್ಲ, ಅದನ್ನು ಬರೆದು ಹೆಚ್ಚು ಬಂದ ಮೇಲೆ ಆ ಅಂಕಪಟ್ಟಿಯನ್ನೇ ಕಳುಹಿಸಿದರಾಯಿತು, ಅಲ್ಲಿಯವರೆಗೆ ಸುಮ್ಮನಿರೋಣ ಎಂದು ಭಾವ ಹೇಳಿದರು. ಅವಳೇ ಒಪ್ಪಲಿಲ್ಲ. ಬಂದ ಅಂಕಪಟ್ಟಿಯನ್ನು ಹಾಗೆಯೇ ಕಳುಹಿಸಿ, ಎರಡನೆಯ ಪರೀಕ್ಷೆ ಬರೆಯುತ್ತಿದ್ದೇನೆ ಎಂದೂ ತಿಳಿಸಿದಳು. ಎರಡನೆಯದರಲ್ಲಿ ಭೌತಶಾಸ್ತ್ರ 84 ಆಯಿತು, ಸೀಟು ಉಳಿಯಿತು.

ಊರಿನಲ್ಲಿರುವವರಿಗೆ ಈ ಷರತ್ತು ಹೊಸದೇನಲ್ಲ. ಜೆಇಇಯಲ್ಲಿ ಒಳ್ಳೆಯ ರ‍್ಯಾಂಕ್ ಬಂದರೂ ಎನ್ಐಟಿ ಸೇರಲು ಸಾಮಾನ್ಯ ವರ್ಗದವರಿಗೆ ಹನ್ನೆರಡನೆಯ ತರಗತಿಯಲ್ಲಿ ಶೇಕಡ 75 ಇರಬೇಕು, ಇಲ್ಲವೇ ಆ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಭಾಗ ಪಿಯುಸಿ ಅಂಕಗಳೇ. ಕೋಚಿಂಗ್ ಕೋಚಿಂಗ್ ಎಂದು ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿ ಕೊನೆಗೆ ಕಣ್ಣೀರು ಹಾಕಿದವರನ್ನು ನಾನು ಕಂಡಿದ್ದೇನೆ.

ಎರಡು ಬಸ್ಸು, ಮೇ 21

ನಾನು ಇಲ್ಲಿ ಸಾಮಾನ್ಯವಾಗಿ ಬರೆಯುವವನಲ್ಲ. ಅಮ್ಮ ಈ ಚರ್ಚೆಯನ್ನು ಕಳುಹಿಸಿ, ನಿನಗೆ ಮನಸ್ಸಿದ್ದರೆ ಬರೆ ಎಂದರು. ನನಗೆ ಈಗ 21 ವರ್ಷ. ಮೂರು ವರ್ಷದ ಹಿಂದೆ ನನ್ನ ಸೀಟು ಹೋಗಿತ್ತು.

ಕೊನೆಯ ಸೆಮಿಸ್ಟರ್‌ನಲ್ಲಿ ನನಗೆ ಎರಡು ಡಿ ಬಂದವು. ನನಗೆ ಯಾರೂ ತೀರಿಕೊಂಡಿರಲಿಲ್ಲ. ನಾಲ್ಕು ವರ್ಷ ರಾತ್ರಿ ಒಂದು ಗಂಟೆಯವರೆಗೆ ಓದಿ ಸುಸ್ತಾಗಿದ್ದೆ, ಬೆಳಗ್ಗೆ ಏಳಲು ಆಗುತ್ತಿರಲಿಲ್ಲ, ಅಷ್ಟೇ. ಆದರೆ ಸೀಟು ಹೋದದ್ದು ಡಿಯಿಂದ ಮಾತ್ರ ಎಂದು ನಾನು ಈಗಲೂ ಅಂದುಕೊಂಡಿಲ್ಲ. ಜೂನ್ ಕೊನೆಯಲ್ಲಿ ಕಾಲೇಜು ವಿವರಣೆ ಕೇಳಿ ಪತ್ರ ಕಳುಹಿಸಿತ್ತು, ಹತ್ತು ದಿನದ ಗಡುವು ಕೊಟ್ಟಿತ್ತು. ಅದು ಬಂದದ್ದು ಅರ್ಜಿಗಾಗಿಯೇ ತೆರೆದಿದ್ದ ಇಮೇಲ್ ವಿಳಾಸಕ್ಕೆ. ಸೀಟು ಸಿಕ್ಕ ಮೇಲೆ ಆ ವಿಳಾಸವನ್ನು ನಾನು ತೆರೆದೇ ಇರಲಿಲ್ಲ. ಜುಲೈ ಮಧ್ಯದಲ್ಲಿ ಹಾಸ್ಟೆಲಿನ ವಿಷಯ ಹುಡುಕಲು ತೆರೆದಾಗ ಎರಡು ಪತ್ರಗಳು ಒಂದರ ಮೇಲೊಂದು ಇದ್ದವು. ಕೆಳಗಿನದು ವಿವರಣೆ ಕೇಳಿದ್ದು, ಮೇಲಿನದು ರದ್ದು ಮಾಡಿದ್ದು. ಮೇಲ್ಮನವಿ ಸಲ್ಲಿಸಿದೆ, ಒಪ್ಪಲಿಲ್ಲ. ಬೇರೆ ಕಾಲೇಜುಗಳ ಸೀಟುಗಳನ್ನು ಮೇ 1ಕ್ಕೇ ಬಿಟ್ಟುಕೊಟ್ಟಾಗಿತ್ತು.

ಅಪ್ಪ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತನಾಡಲಿಲ್ಲ. ದೀಪಾವಳಿಗೆ ಮನೆಗೆ ಬಂದವರೆಲ್ಲ ಯಾವ ಕಾಲೇಜು ಎಂದು ಕೇಳುತ್ತಿದ್ದರು, ನಾನು ಗ್ಯಾರೇಜಿನಲ್ಲಿ ಹೋಗಿ ಕೂತಿದ್ದೆ. ಎರಡು ಬಸ್ಸು ಬದಲಾಯಿಸಿಕೊಂಡು ಸಮುದಾಯ ಕಾಲೇಜಿಗೆ, ಅಂದರೆ ಮೊದಲ ಎರಡು ವರ್ಷದ ಓದಿಗಿರುವ ಸ್ಥಳೀಯ ಕಾಲೇಜಿಗೆ ಹೋದೆ. ಅಲ್ಲಿನ ಸಲಹೆಗಾರರು ಮೊದಲ ವಾರವೇ ಕೂರಿಸಿಕೊಂಡು ಟ್ಯಾಗ್ ಎಂಬ ವ್ಯವಸ್ಥೆಯನ್ನು ವಿವರಿಸಿದರು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್, ಈ ಆರು ಕ್ಯಾಂಪಸ್‌ಗಳ ಪೈಕಿ ಒಂದನ್ನು ಆರಿಸಿಕೊಂಡು, ಅವರು ಹೇಳಿದ ವಿಷಯಗಳನ್ನು ಹೇಳಿದ ಜಿಪಿಎಯಲ್ಲಿ ಮುಗಿಸಿದರೆ ಮೂರನೆಯ ವರ್ಷಕ್ಕೆ ಸೀಟು ಖಚಿತ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಕೆಲವು ವಿಷಯಗಳ ಪದವಿಗಳಿಗೂ ಇದು ಅನ್ವಯಿಸುವುದಿಲ್ಲ. ನಾನು ಈಗ ಆ ಆರರಲ್ಲಿ ಒಂದರಲ್ಲಿ ಓದುತ್ತಿದ್ದೇನೆ.

ಅಕ್ಕ, ನಿಮ್ಮ ಮಗ ಬೇಕಾದರೆ ನನ್ನ ಜೊತೆ ಮಾತನಾಡಲಿ. ಅವನು ದಿನಕ್ಕೆ ಒಂದು ಸಲ ಆ ಇಮೇಲ್ ತೆರೆಯುತ್ತಿದ್ದಾನೆಯೇ ಎಂದು ನೀವು ಕೇಳುತ್ತಲೇ ಇರಿ. ಸಿಟ್ಟು ಮಾಡಿಕೊಂಡರೂ ಕೇಳಿ.

ಗಡಿನಾಡು, ಮೇ 21

ತಮ್ಮಾ, ನಿನ್ನ ಮಾತು ಓದಿದೆ. ನನ್ನ ಎರಡನೆಯ ಮಗನೂ ಬೆಳಗ್ಗೆ ಏಳಲು ಆಗುತ್ತಿಲ್ಲ ಎನ್ನುತ್ತಿದ್ದ. ನಾನು ಬೈದದ್ದೇ ಹೆಚ್ಚು. ಇವತ್ತು ಅವನಿಗೆ ಫೋನ್ ಮಾಡುತ್ತೇನೆ.

ತುಂಗಾತೀರ, ಜೂನ್ 14

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸಿ. ಯಜಮಾನರಿಗೆ ಅಂದೇ ಹೇಳಿದೆ. ಕೋಪಗೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಮಗನ ಕೋಣೆಗೆ ಹೋಗಿ ಬಹಳ ಹೊತ್ತು ಕೂತಿದ್ದರು.

ಗಣಿತದ ಶಿಕ್ಷಕರು ತಪ್ಪಿದ್ದ ಎರಡು ಪರೀಕ್ಷೆಗಳನ್ನು ಬರೆಯಲು ಬಿಟ್ಟರು. ಇಂಗ್ಲಿಷ್ ಗ್ರೇಡು ಬಿಗೆ ಬಂತು. ಕ್ಯಾಲ್ಕುಲಸ್ ಮಾತ್ರ 68ರಲ್ಲಿ ನಿಂತಿತು, ಡಿಯಾಗಿಯೇ ಉಳಿಯಿತು. ಅವನು ಪತ್ರ ಬರೆದ. ಒಂಬತ್ತು ಸಾಲು. ಮೊದಲ ಸಾಲಿನಲ್ಲಿಯೇ ಗ್ರೇಡು ಹೇಳಿದ್ದ. ಅಜ್ಜನ ಬಗ್ಗೆ ಒಂದು ಸಾಲು. ಊರಿನಿಂದ ಬಂದ ಮೇಲೆ ಸಹಾಯ ಕೇಳಬೇಕಿತ್ತು, ಕೇಳಲಿಲ್ಲ ಎಂದು ಇನ್ನೊಂದು ಸಾಲು. ಮೇ 29ಕ್ಕೆ ಕಳುಹಿಸಿದ. ಈಗ ವಾರಕ್ಕೊಮ್ಮೆ ಒಬ್ಬ ಆಪ್ತಸಲಹೆಗಾರರ ಬಳಿಗೂ ಹೋಗುತ್ತಿದ್ದಾನೆ.

ಮೊನ್ನೆ ಉತ್ತರ ಬಂತು. ಬೇಸಿಗೆಯಲ್ಲಿ ಇದಕ್ಕೆ ಸಮನಾದ ವಿಷಯವನ್ನು ಸಮುದಾಯ ಕಾಲೇಜಿನಲ್ಲಿ ಓದಿ ಸಿ ಅಥವಾ ಅದಕ್ಕಿಂತ ಹೆಚ್ಚು ಪಡೆದು ಅಂಕಪಟ್ಟಿ ಕಳುಹಿಸಿದರೆ ಸೀಟು ಉಳಿಯುತ್ತದೆ ಎಂದು ಬರೆದಿದ್ದಾರೆ. ಯಾವ ವಿಷಯ ಸಮ ಎಂದು ಅವರನ್ನೇ ಕೇಳಿ, ಬರಹದಲ್ಲಿಯೇ ಉತ್ತರ ಪಡೆದು ಸೇರಿಸಿದೆವು. ಆರು ವಾರದ ತರಗತಿ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂರು ಗಂಟೆ. ಶಾಲೆಗೆ ಹಳೆಯ ಪುಸ್ತಕ ಹಿಂದಿರುಗಿಸುವಾಗ ಆ ಬಸ್ ಟಿಕೆಟ್ ತೆಗೆದು ಪರ್ಸಿನಲ್ಲಿಟ್ಟುಕೊಂಡ.

ಎರಡು ಬಸ್ಸು ತಮ್ಮಾ, ನಿನ್ನ ಜೊತೆ ಮಾತನಾಡಿದ ರಾತ್ರಿ ಅವನು ಊಟದ ಮೇಜಿಗೆ ಬಂದು ಕೂತು ಉಂಡ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಕರಿಹಲಗೆ, ಜೂನ್ 14

ಬಹಳ ಸಂತೋಷವಾಯಿತು. ಹೈಸ್ಕೂಲಿನ ಅಂತಿಮ ಅಂಕಪಟ್ಟಿ ಜುಲೈ 1ರೊಳಗೆ ಹೋಗಲೇಬೇಕು, ಬೇಸಿಗೆಯದ್ದು ಬಂದ ಮೇಲೆ ಒಟ್ಟಿಗೆ ಕಳುಹಿಸೋಣ ಎಂದು ಕಾಯಬೇಡಿ.

ತುಂಗಾತೀರ, ಆಗಸ್ಟ್ 9

ಬೇಸಿಗೆ ತರಗತಿಯಲ್ಲಿ ಬಿ ಬಂತು. ಷರತ್ತುಗಳು ಪೂರ್ಣಗೊಂಡಿವೆ ಎಂದು ಪೋರ್ಟಲ್‌ನಲ್ಲಿ ಇವತ್ತು ಬೆಳಗ್ಗೆ ಕಾಣಿಸಿತು.

ಮುಂದೆ ಓದುವವರಿಗೆ ಉಪಯೋಗವಾಗಲಿ ಎಂದು ಒಂದು ವಿಷಯ ಬರೆದಿಡುತ್ತೇನೆ. ಸಮುದಾಯ ಕಾಲೇಜಿನಿಂದ ಅಂಕಪಟ್ಟಿ ತರಿಸುವಾಗ, ಗ್ರೇಡು ದಾಖಲಾದ ಮೇಲೆಯೇ ಕಳುಹಿಸಿ ಎಂಬ ಒಂದು ಆಯ್ಕೆ ಇರುತ್ತದೆ. ನಾವು ಅದಕ್ಕೆ ಗುರುತು ಹಾಕುವುದನ್ನು ಮರೆತೆವು. ವಿಷಯದ ಎದುರು ಗ್ರೇಡೇ ಇಲ್ಲದ ಅಂಕಪಟ್ಟಿ ಹೊರಟುಹೋಯಿತು. ಮತ್ತೆ ಹಣ ಕಟ್ಟಿ ಎರಡನೆಯ ಸಲ ಕಳುಹಿಸಿ, ಒಂಬತ್ತು ದಿನ ಉಸಿರು ಬಿಗಿಹಿಡಿದು ಕಾಯಬೇಕಾಯಿತು.

ಸೆಪ್ಟೆಂಬರ್ ಮೂರನೆಯ ವಾರ ಅವನನ್ನು ಹಾಸ್ಟೆಲಿಗೆ ಬಿಟ್ಟುಬರುತ್ತೇವೆ. ಕೋಣೆಯಲ್ಲಿ ಸಣ್ಣ ಅನ್ನದ ಕುಕ್ಕರ್ ಇಟ್ಟುಕೊಳ್ಳಲು ಬಿಡುತ್ತಾರೆಯೇ? ಗೊತ್ತಿದ್ದವರು ತಿಳಿಸಿ.

ಎರಡು ಬಸ್ಸು, ಆಗಸ್ಟ್ 9

ಅಭಿನಂದನೆ ಹೇಳಿ ಅಕ್ಕ ಅವನಿಗೆ. ನಮ್ಮ ಹಾಸ್ಟೆಲಿನ ಕೋಣೆಯಲ್ಲಿ ಬಿಡುವುದಿಲ್ಲ, ಮಹಡಿಗೊಂದು ಅಡುಗೆಮನೆ ಇದೆ, ಅಲ್ಲಿ ಇಟ್ಟುಕೊಳ್ಳಬಹುದು. ಅವನ ಹಾಸ್ಟೆಲಿನ ನಿಯಮ ಕೇಳಿಕೊಂಡು ಕೊಳ್ಳಿ. ಚಟ್ನಿಪುಡಿಗೂ ಉಪ್ಪಿನಕಾಯಿಗೂ ಎಲ್ಲಿಯೂ ಅಡ್ಡಿಯಿಲ್ಲ, ಧಾರಾಳವಾಗಿ ಕಳುಹಿಸಿ.